ತಲೆಗೆ ಎರೆದುಕೊಂಡ ದಿನದಿಂದ ಎಣಿಸಿದರೆ

ನಮ್ಮ ಮನೆಯಲ್ಲಿ ಎಮ್ಮೆ ಬೆದೆಗೆ ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅದು ಬೆಳಗ್ಗೆ ಒದರಿತೆಂದರೆ ನನ್ನ ಮಗ ಹೊಲಕ್ಕೆ ಹೋಗುವುದನ್ನು ಬಿಟ್ಟು ದನದ ಡಾಕ್ಟರಿಗೆ ಫೋನು ಹಚ್ಚುತ್ತಾನೆ. ಸೊಸೆ ಅದರ ಬಾಲ ಎತ್ತಿ ನೋಡಿ, ಲೋಳೆ ತಿಳಿಯಾಗಿದೆಯೋ ಇಲ್ಲವೋ ಎಂಬುದನ್ನು ಅಂಗಳದಲ್ಲಿ ನಿಂತೇ ಕೂಗಿ ಹೇಳುತ್ತಾಳೆ. ಸಂಜೆಯೊಳಗೆ ಗಬ್ಬ ಕಟ್ಟುವ ಸೂಜಿ ಹಾಕಿಸದಿದ್ದರೆ ಆ ಸಲದ್ದು ಹೋಯಿತು, ಮತ್ತೆ ಬೆದೆಗೆ ಬರುವ ತನಕ ಕಾಯಬೇಕು ಎಂಬುದು ಶಾಲೆಯ ಮುಖ ನೋಡದವರಿಗೂ ಗೊತ್ತು. ಯಾರಿಗೂ ನಾಚಿಕೆ ಇಲ್ಲ. ಅದೇ ಮನೆಯಲ್ಲಿ, ಮದುವೆಯಾಗಿ ಮೂರು ವರ್ಷವಾದ ಹೆಣ್ಣುಮಗಳಿಗೆ ಯಾವ ದಿನಗಳಲ್ಲಿ ಬಸಿರು ನಿಲ್ಲುತ್ತದೆ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಕೇಳಲು ಬಾಯಿಯೂ ಇರಲಿಲ್ಲ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆ ಹೆಣ್ಣುಮಗಳು ನನ್ನ ಮೊಮ್ಮಗನ ಹೆಂಡತಿ. ರಾಮದುರ್ಗದ ಕಡೆಯಿಂದ ದೊಡವಾಡಕ್ಕೆ ಬಂದವಳು. ಪಿಯುಸಿ ಓದಿದ್ದಾಳೆ, ಹೊಲಿಗೆ ಯಂತ್ರದ ಮುಂದೆ ಕುಳಿತರೆ ಕೈ ನಿಲ್ಲುವುದಿಲ್ಲ. ನಮ್ಮ ಓಣಿಯಲ್ಲಿ ಯಾರ ಮಗಳು ಬಸುರಿಯಾದರೂ ಅವಳಿಗೆ ತೊಡಿಸುವ ಹಸಿರು ಕುಬುಸ ಹೊಲಿಯಲು ಇವಳ ಹತ್ತಿರವೇ ಬಟ್ಟೆ ತರುತ್ತಾರೆ. ಹೊಲಿಸಿಕೊಂಡು ಹೋಗುತ್ತಾರೆ, ಆರತಿಗೆ ಮಾತ್ರ ಕರೆಯುವುದಿಲ್ಲ. ಕೇಳಿದರೆ, 'ಪಾಪ, ಬಂದ್ರ ಆಕೀಗೇ ಬ್ಯಾಸರ ಆದೀತಲ್ರಿ' ಅನ್ನುತ್ತಾರೆ. ಬೇಸರ ಯಾರಿಗೆ ಎಂಬುದು ನನಗೆ ಗೊತ್ತಿಲ್ಲವೇ?

ಮೊಮ್ಮಗ ಬೈಲಹೊಂಗಲದಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡುತ್ತಾನೆ. ಸಂಜೆಗೆ ಮನೆಗೆ ಬರುತ್ತಾನೆ. ಗಂಡ ಊರಲ್ಲಿಲ್ಲ ಎನ್ನುವ ಹಾಗಿಲ್ಲ, ಕುಡಿಯುತ್ತಾನೆ ಎನ್ನುವ ಹಾಗಿಲ್ಲ, ಇಬ್ಬರಿಗೂ ಜಗಳ ಎನ್ನುವ ಹಾಗೂ ಇಲ್ಲ. ಮೊದಲ ವರ್ಷ ಹಬ್ಬ, ಆಷಾಢ, ತವರು ಎಂದು ಹೋಗಿ ಬರುವುದರಲ್ಲೇ ಕಳೆಯಿತು. ಎರಡನೆಯ ವರ್ಷ ಹಿಡಿದಾಗ ಊರಿನ ಬಾಯಿ ಶುರುವಾಯಿತು. ಒಬ್ಬಳು ಎಳ್ಳು ತಿನ್ನಬೇಡ ಎಂದಳು, ಇನ್ನೊಬ್ಬಳು ಎಳ್ಳೇ ತಿನ್ನು ಎಂದಳು. ಹೊಲಿಗೆ ಯಂತ್ರ ತುಳಿಯುವುದರಿಂದಲೇ ನಿಲ್ಲುತ್ತಿಲ್ಲ ಎಂದು ಒಬ್ಬಳು ತೀರ್ಪು ಕೊಟ್ಟಳು. ಹಾಗೆಂದವಳ ಸೀರೆಯ ಅಂಚನ್ನು ಮಡಿಸಿ ಹೊಲಿದು ಕೊಟ್ಟದ್ದೂ ಅದೇ ಯಂತ್ರ.

ಆಗ ನನ್ನ ಸೊಸೆ, ಅಂದರೆ ಹುಡುಗಿಯ ಅತ್ತೆ, ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹರಕೆ ಹೊತ್ತಳು. ಗಂಡ ಹೆಂಡತಿ ಇಬ್ಬರನ್ನೂ ಐದು ಹುಣ್ಣಿಮೆ ಗುಡ್ಡಕ್ಕೆ ಕಳಿಸುತ್ತೇನೆ, ಒಂದು ಕೂಸು ಕೊಡು ಎಂದು. ನಮ್ಮ ಮನೆತನದಲ್ಲಿ ಗುಡ್ಡಕ್ಕೆ ಹೋಗುವವರಿಗೆ ಒಂದು ನೇಮ ಇದೆ. ಹುಣ್ಣಿಮೆಗೆ ನಾಲ್ಕೈದು ದಿನ ಮೊದಲಿನಿಂದ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಮಲಗಬೇಕು. ಗುಡ್ಡದಿಂದ ಬಂದು, ಐದು ಮನೆಗೆ ಪ್ರಸಾದ ಹಂಚಿ, ಮರುದಿನ ತಲೆಗೆ ಎರೆದುಕೊಂಡ ಮೇಲೆಯೇ ಹಾಸಿಗೆ ಕೂಡುವುದು. ಇದು ಯಾರು ಮಾಡಿದ ನೇಮವೋ ಗೊತ್ತಿಲ್ಲ. ನಾನು ಬಂದಾಗಲೂ ಇತ್ತು. ಆದರೆ ನಾವು ಹೋಗುತ್ತಿದ್ದದ್ದು ವರ್ಷಕ್ಕೊಮ್ಮೆ.

ಹುಡುಗಿ ಪ್ರತಿ ತಿಂಗಳೂ ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಟ್ಟಾಗುತ್ತಿದ್ದಳು. ಒಂದೆರಡು ದಿನ ಆಚೀಚೆ, ಅಷ್ಟೆ. ಹೀಗಾಗಿ ಹುಣ್ಣಿಮೆಗೆ ಗುಡ್ಡ ಹತ್ತಲು ಒಂದು ಸಲವೂ ಅಡ್ಡಿ ಬರಲಿಲ್ಲ. ಸೊಸೆಗೆ ಅದೇ ದೊಡ್ಡ ಹಿಗ್ಗು.

"ನೋಡ್ರಿ ಅತ್ತಿ, ತಾಯೀನ ಅನುಕೂಲ ಮಾಡಿ ಕೊಟ್ಟಾಳ. ಒಂದರ ಹುಣ್ಣಿವಿಗೆ ಹೊರಗಾದ್ಲೇನು? ಇದು ಒಳ್ಳೆ ಸೂಚನಾ."

ಐದು ಹುಣ್ಣಿಮೆ ಮುಗಿದವು. ಏನೂ ಆಗಲಿಲ್ಲ. ಹರಕೆ ಸಣ್ಣದಾಯಿತು ಎಂದು ಹೊಸದಾಗಿ ಮತ್ತೆ ಹನ್ನೊಂದು ಹುಣ್ಣಿಮೆ ಹೊತ್ತಳು. ಅದರಲ್ಲಿ ಆರು ಮುಗಿದ ಮೇಲೆ ಒಂದು ದಿನ, ಹುಡುಗಿ ಒಳಗೆ ಯಂತ್ರ ತುಳಿಯುತ್ತಿರುವಾಗ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ನನಗೆ ಹೇಳಿದಳು: "ಈ ಹನ್ನೊಂದು ಮುಗೀಲ್ರಿ. ಆಮ್ಯಾಲ ಬ್ಯಾರೆ ವಿಚಾರ ಮಾಡೂಣು."

ಯಂತ್ರದ ಸಪ್ಪಳ ನಿಂತಿತು. ಬ್ಯಾರೆ ವಿಚಾರ ಎಂದರೆ ಏನೆಂದು ನಮ್ಮ ಕಡೆ ಹಸುಗೂಸಿಗೂ ಗೊತ್ತು. ಇವಳನ್ನು ತವರಿಗೆ ಕಳಿಸಿ ಇನ್ನೊಬ್ಬಳನ್ನು ತರುವುದು. ಕಾನೂನು ಒಪ್ಪುವುದಿಲ್ಲ ಎಂದು ಮೊಮ್ಮಗ ಗೊಣಗಿದ, ಅಷ್ಟೆ. ತಾಯಿಯ ಮುಂದೆ ಅವನಿಗೆ ಅದಕ್ಕಿಂತ ಹೆಚ್ಚು ಬಾಯಿ ಇಲ್ಲ.

ಆವತ್ತು ಸಂಜೆ ಹುಡುಗಿ ನನ್ನ ಹತ್ತಿರ ಬಂದು ಕುಳಿತಳು. ಅಳಲಿಲ್ಲ. ಫೋನು ತೆಗೆದು ತೋರಿಸಿದಳು. ಅದರಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದಳು. ಮುಟ್ಟಿನ ತಾರೀಖು ಬರೆದರೆ ಯಾವ ದಿನಗಳಲ್ಲಿ ಬಸಿರು ನಿಲ್ಲಬಹುದು ಎಂದು ಅದು ಹೂವಿನ ಗುರುತು ಹಾಕಿ ತೋರಿಸುತ್ತದೆ.

"ಆಯಿ, ಇದರಾಗಿನ ಹೂವು ನೋಡಕೋತನ ಒಂದ ವರ್ಷಾತು. ಹೂವು ಬರೂದು ನೇಮ ಮುಗದ ಮ್ಯಾಲ. ಅದಕ್ಕ ನಾನೂ ನೇಮಕ್ಕ ಏನೂ ಅನಲಿಲ್ಲ. ಎಲ್ಲಾ ಬರೋಬರಿ ಮಾಡೇವಿ. ಆದ್ರೂ ನಿಲ್ಲವಲ್ತು. ನನ್ನಾಗ ಏನರ ದೋಷ ಐತೇನೋ."

"ದೋಷ ಗೀಷ ಡಾಕ್ಟರ್ ಹೇಳಲಿ. ನಾಳೆ ನಡಿ."

"ಅತ್ತ್ಯಾರು…"

"ಆಕಿಗೆ ನಾ ಹೇಳತೇನಿ, ನನ್ನ ಮೊಣಕಾಲು ತೋರಸಾಕ ಹೊಂಟೇನಂತ."

ನನ್ನ ಮೊಣಕಾಲಿಗೆ ನಿಜವಾಗಿಯೂ ನೋವಿದೆ, ಹಾಗಾಗಿ ಸುಳ್ಳೇನೂ ಅಲ್ಲ. ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೋದೆವು. ಹೆಣ್ಣುಮಕ್ಕಳನ್ನು ನೋಡುವ ಡಾಕ್ಟರಬಾಯಿಯ ದವಾಖಾನೆಯಲ್ಲಿ ಬಾಗಿಲವರೆಗೂ ಬಸುರಿಯರು. ಇವಳು ಮುಖ ಗೋಡೆಗೆ ಹಾಕಿ ಕುಳಿತಳು. ನಮ್ಮ ಪಾಳಿ ಬರುವುದರೊಳಗೆ ಊಟದ ಹೊತ್ತಾಗಿತ್ತು.

ಡಾಕ್ಟರಬಾಯಿ ವಯಸ್ಸಾದವರು, ಧಾರವಾಡದ ಮಾತು. ಬರೆದುಕೊಳ್ಳುತ್ತ ಕೇಳಿದರು: "ಹೋದ ತಿಂಗಳ ಮುಟ್ಟು ಎಂದಾತು?"

ಹುಡುಗಿ ಫೋನು ನೋಡಿ ತಾರೀಖು ಹೇಳಿದಳು. ನಾನು ಕ್ಯಾಲೆಂಡರಿನ ಕಡೆ ನೋಡಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಆದರೆ ಅಮಾವಾಸ್ಯೆಯ ಕರಿ ದುಂಡು, ಹುಣ್ಣಿಮೆಯ ಬಿಳಿ ದುಂಡು ನನಗೆ ಚೆನ್ನಾಗಿ ಗೊತ್ತು.

"ಅಲ್ಲವಾ, ಅಂದು ನೀ ತಲಿಗೆ ಎರಕೊಂಡಿ. ನಾನ ನೀರು ಕಾಸಿದ್ದೆ. ಹೊರಗ ಕುಂತದ್ದು ಅಮಾಸಿ ದಿನಾ."

"ಹೌದ್ರಿ ಆಯಿ. ಎರಕೊಂಡ ದಿನಾನ ಬರಿಯೂದಲ್ಲ?"

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು. "ಯಾವಾಗ್ಲೂ ಹಂಗ ಬರೀತೀಯೇನ? ಎರಕೊಂಡ ದಿನಾ?"

ನಮ್ಮ ಮನೆಯಲ್ಲಿ ಮುಟ್ಟಾದವಳು ಹೊರಗೆ ಕೂರುತ್ತಾಳೆ. ಐದನೆಯ ದಿನ ತಲೆಗೆ ಎರೆದುಕೊಂಡು ಒಳಗೆ ಬಂದ ಮೇಲೆಯೇ ದಿನ ಹಿಡಿಯುವುದು. 'ಎರಕೊಂಡು ಎಷ್ಟ ದಿನಾ ಆತು?' ಎಂದೇ ಕೇಳುವುದು ರೂಢಿ. ಹೊರಗೆ ಕೂತ ದಿನಗಳನ್ನು ಯಾರು ಎಣಿಸುತ್ತಾರೆ? ಅವು ದಿನಗಳೇ ಅಲ್ಲ. ಆ ಹುಡುಗಿ ಫೋನಿಗೂ ಅದೇ ರೂಢಿಯ ಲೆಕ್ಕ ಕೊಟ್ಟಿದ್ದಳು. ಫೋನು ಏನು ಮಾಡೀತು, ಕೊಟ್ಟದ್ದನ್ನು ನಂಬಿತು. ಹೂವೆಲ್ಲ ತಡವಾಗಿ ಅರಳಿತು.

ಡಾಕ್ಟರಬಾಯಿ ಗೋಡೆಯ ಮೇಲಿನ ಕ್ಯಾಲೆಂಡರನ್ನೇ ತೆಗೆದು ಮೇಜಿನ ಮೇಲೆ ಹಾಸಿದರು. "ರಕ್ತ ಕಂಡ ಮೊದಲನೇ ದಿನದಿಂದ ಎಣಸಬೇಕು, ತಿಳೀತಾ? ಮುಂದಿನ ಮುಟ್ಟು ಬರೂಕಿಂತ ಸುಮಾರು ಎರಡ ವಾರ ಮೊದಲ ಒಳಗ ತತ್ತಿ ಬಿಡಗಡಿ ಆಗ್ತದ. ಅದು ಇರೂದು ಒಂದ ದಿನಾ. ಗಂಡಸಿಂದು ಮಾತ್ರ ಒಳಗ ಮೂರ್ನಾಕ ದಿನಾ, ಒಮ್ಮೊಮ್ಮೆ ಐದ ದಿನಾನೂ ಜೀವಂತ ಇರ್ತದ. ಅದಕ್ಕ ತತ್ತಿ ಬರೂ ಮೊದಲಿನ ನಾಕೈದ ದಿನಾ, ಬಂದ ದಿನಾ, ಇಷ್ಟ ನೋಡ ಹಂಗಾಮು. ಆಮ್ಯಾಲ ಏನ ಮಾಡಿದ್ರೂ ಆ ತಿಂಗಳದ್ದು ಹೋತು."

ಅವರ ಬೆರಳು ಅಮಾವಾಸ್ಯೆಯಿಂದ ಹೊರಟು, ಮನೆ ಮನೆ ದಾಟಿ, ಬಿಳಿ ದುಂಡಿನ ಹಿಂದಿನ ದಿನಗಳ ಮೇಲೆ ಬಂದು ನಿಂತಿತು. ಅವೇ ನಮ್ಮ ನೇಮದ ದಿನಗಳು. ಕೂಸು ಬೇಕೆಂದು ಹೊತ್ತ ಹರಕೆ, ಕೂಸು ನಿಲ್ಲುವ ದಿನಗಳಲ್ಲೇ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕಿತ್ತು. ಅದೂ ಒಂದು ತಿಂಗಳಲ್ಲ, ಎರಡು ತಿಂಗಳಲ್ಲ.

"ಮತ್ತ ಆ ದಿನದಾಗ ಬಿಳಿ ಹೋಗ್ತದೇನ? ತತ್ತಿಯ ಬಿಳಿ ಲೋಳಿ ಹಂಗ, ಎಳದ್ರ ಎಳಿ ಬರೂ ಹಂಗ?"

ಹುಡುಗಿ ನೆಲ ನೋಡುತ್ತ ಗೋಣು ಹಾಕಿದಳು. "ಅದಕ್ಕ ಅತ್ತ್ಯಾರು ಅಕ್ಕಿ ತೊಳದ ನೀರು ಕುಡಸ್ತಾರ್ರಿ. ರೋಗ ಅಂತ."

"ರೋಗ ಅಲ್ಲವಾ. ಅದ ಗುರುತು."

ನಾನು ಅಲ್ಲಿಯೇ ಹಣೆ ಬಡಿದುಕೊಂಡೆ. ಎಮ್ಮೆಯ ಲೋಳೆ ತಿಳಿಯಾಗಿದ್ದರೆ ಅಂಗಳದಲ್ಲಿ ನಿಂತು ಕೂಗಿ ಹೇಳುವ ನನ್ನ ಸೊಸೆ, ಮನೆಯ ಹೆಣ್ಣಿಗೆ ಅದೇ ಗುರುತು ಕಂಡರೆ ಔಷಧ ಕುಡಿಸುತ್ತಿದ್ದಳು! ಮಳೆಯಾದ ಕೂಡಲೇ ಹೊಲಕ್ಕೆ ಹದ ಬರುವ ಹಾಗೆ, ತಲೆಗೆ ಎರೆದುಕೊಂಡ ಕೂಡಲೇ ಹೆಣ್ಣಿಗೆ ಹದ ಎಂದು ನಾವೆಲ್ಲ ತಿಳಿದಿದ್ದೆವು. ನಮ್ಮ ಅತ್ತೆಯರೂ ಹಾಗೇ ಹೇಳಿದ್ದರು. ಯಾರೂ ಕೂತು ಎಣಿಸಿರಲಿಲ್ಲ.

ಹೊರಡುವಾಗ ಡಾಕ್ಟರಬಾಯಿ ಇನ್ನೊಂದು ಮಾತು ಹೇಳಿದರು. "ಬರೋಬರಿ ದಿನಾ ಹಿಡದ್ರೂ ಪ್ರತಿ ತಿಂಗಳಾ ನಿಲ್ತದಂತ ತಿಳೀಬ್ಯಾಡ್ರಿ. ಆರೋಗ್ಯ ಇದ್ದವರಿಗೂ ಕೆಲವು ತಿಂಗಳು ಹಿಡೀತದ. ಐದಾರು ತಿಂಗಳು ನೋಡ್ರಿ, ಆಗಲಿಲ್ಲಂದ್ರ ಗಂಡನ್ನೂ ಕರಕೊಂಡು ಬರ್ರಿ. ಇಬ್ಬರನ್ನೂ ತಪಾಸ ಮಾಡೂಣು." ಹೆಣ್ಣನ್ನು ಒಬ್ಬಳನ್ನೇ ಅಲ್ಲ, ಇಬ್ಬರನ್ನೂ ಎಂದು ಒತ್ತಿ ಹೇಳಿದರು. ನನಗೆ ಆ ಮಾತು ಹಿಡಿಸಿತು.

ಮನೆಗೆ ಬಂದಾಗ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ನಾನು ಸುತ್ತು ಬಳಸಲಿಲ್ಲ. ಎಲ್ಲ ಹೇಳಿದೆ. ಅವಳ ಕೈ ಹಿಟ್ಟಿನ ಮೇಲೇ ನಿಂತಿತು.

"ಅತ್ತಿ, ಅದು ದೇವರ ಮಾತ್ರಿ. ನೇಮ ಮುರದ್ರ ಮನಿಗೆ ಕೇಡು."

"ಇವರನ್ನ ಬ್ಯಾರೆ ಮಲಗಸು ಅಂತ ತಾಯಿ ಬಂದು ನಿನ್ನ ಕಿವ್ಯಾಗ ಹೇಳಿದ್ಲೇನು?"

"ಹಿರಿಯಾರು ಮಾಡಿದ್ದು."

"ಹಿರಿಯಾರು ತಿಂಗಳಾ ತಿಂಗಳಾ ಹೋಗತಿದ್ದಿಲ್ಲ. ನೀ ಕೂಸು ಕೊಡು ಅಂತ ಬೇಡತಿ, ಕೊಡೂ ದಿನಾ ಬಾಗಲಾ ಹಾಕತಿ. ಆಕಿ ಎಲ್ಲಿಂದ ಒಳಗ ಬರಬೇಕು?"

"ನಿಮ್ಮ ಬಾಯಿಗೆ ಏನ ಹೇಳೂದ್ರಿ," ಎಂದು ರೊಟ್ಟಿಯನ್ನು ಹಂಚಿಗೆ ಬಿಸುಟಳು. ಅದು ಸುಟ್ಟಿತು. ಅವತ್ತಿನ ಮೊದಲ ರೊಟ್ಟಿ ನನಗೇ ಬಂತು.

ಮೂರನೆಯ ದಿನ ನಾನೇ ದಾರಿ ಹೇಳಿದೆ. ಬೇಡಿಕೊಂಡವಳು ನೀನು, ಉಳಿದ ಹುಣ್ಣಿಮೆಗಳಿಗೆ ನೀನೇ ಹೋಗು, ನಿನ್ನ ಜೊತೆ ನಾನು ಬರುತ್ತೇನೆ, ನೇಮ ನಾವಿಬ್ಬರೂ ಹಿಡಿಯೋಣ, ನನಗಂತೂ ಈ ವಯಸ್ಸಿನಲ್ಲಿ ಕಷ್ಟವೇನಿಲ್ಲ ಎಂದೆ. ಅವಳಿಗೆ ನಗು ಬಂತು, ತಡೆದುಕೊಂಡಳು. ಅವಳೇನು ರಾಕ್ಷಸಿಯಲ್ಲ. ಮೊಮ್ಮಗು ಅವಳಿಗೂ ಬೇಕಿತ್ತು. ಭಯ ಒಂದು ಕಡೆ, ಆಸೆ ಒಂದು ಕಡೆ. ಕೊನೆಗೆ ಹೂಂ ಎಂದಳು.

ಆ ಹುಣ್ಣಿಮೆಗೆ ಅತ್ತೆ ಸೊಸೆ ಇಬ್ಬರೂ ಗುಡ್ಡಕ್ಕೆ ಹೋದೆವು. ಮುಂಚಿನ ದಿನವೇ ಹೋಗಿ ಅಲ್ಲಿಯೇ ಉಳಿಯುವುದೆಂದು ಮಾತಾಗಿತ್ತು. ಬಸ್ಸಿನಲ್ಲಿ ನಿಂತು, ಮೊಣಕಾಲು ಹಿಡಿದು ಹತ್ತಿ, ಒಂದು ಮರದ ಕೆಳಗೆ ಒಲೆ ಹೂಡಿ ನೋಡಿದರೆ ದೇವಿಗೆ ಎಡೆ ತುಂಬಿಸುವ ಬಿದಿರಿನ ಪಡ್ಡಲಗಿ ಬುಟ್ಟಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇವೆ. ನಾನು ನೀರು ತರಲು ಹೋದಾಗ ಸೊಸೆ ಮನೆಗೆ ಫೋನು ಹಚ್ಚಿದ್ದಳು. ಹೊತ್ತು ಮುಳುಗುವ ಹೊತ್ತಿಗೆ ನೋಡುತ್ತೇನೆ, ಮೊಮ್ಮಗ ಗಾಡಿಯ ಮೇಲೆ ಬರುತ್ತಿದ್ದಾನೆ. ಹಿಂದೆ ಪಡ್ಡಲಗಿ ಹಿಡಿದು ಹೆಂಡತಿ!

"ನೀವ್ಯಾಕ ಬಂದ್ರೋ ಇಬ್ಬರೂ?"

"ಅಪ್ಪಾ ಅಂದಾ ಆಯಿ, ಹೆಂಗೂ ಹೊಂಟೀ, ಇಬ್ಬರೂ ಹೋಗ್ರಿ, ಪುಣ್ಯಾ ಬರತೈತಿ ಅಂತ."

ಬಂದ ಮೇಲೆ ಸೊಸೆ ಬಿಡುತ್ತಾಳೆಯೇ? ತಾಯಿಯೇ ಕರೆಸಿಕೊಂಡಳು, ಪೂಜೆ ಮುಗಿಸಿಯೇ ಹೋಗಿ ಎಂದು ಇಬ್ಬರನ್ನೂ ಇಟ್ಟುಕೊಂಡಳು. ಹುಡುಗಿ ನನ್ನ ಪಕ್ಕ ಮಲಗಿದಳು, ಅವನು ಗಂಡಸರ ಕಡೆ ಮಲಗಿದ. ಆ ತಿಂಗಳು ಹಾಗೆ ಹೋಯಿತು. ನನ್ನ ಮೊಣಕಾಲೂ ಹೋಯಿತು.

ತಪ್ಪು ಎಲ್ಲಿ ಎಂದು ಆಮೇಲೆ ಗೊತ್ತಾಯಿತು. ಗಂಡಸರಿಗೆ ಯಾರೂ ಏನೂ ಹೇಳಿರಲಿಲ್ಲ. ನನ್ನ ಮಗನಿಗೆ ಹೇಳಲು ಸೊಸೆಗೆ ನಾಚಿಕೆ. ಮೊಮ್ಮಗನಿಗೆ ಹೆಂಡತಿ, 'ಡಾಕ್ಟರು ಏನೋ ದಿನ ಹೇಳಿದ್ದಾರೆ' ಎಂದಷ್ಟೇ ಹೇಳಿದ್ದಾಳೆ, ಅವನು ಹೂಂ ಎಂದು ಎಂದಿನ ನೇಮದ ಹಾಗೆ ಬೇರೆ ಕೋಣೆಯಲ್ಲೇ ಮಲಗಿದ್ದಾನೆ. ಇಷ್ಟು ಜನ ಒಂದೇ ಸೂರಿನಡಿ ಇದ್ದು, ಇಷ್ಟು ದೊಡ್ಡ ವಿಷಯವನ್ನು ಕೆಮ್ಮಿನಲ್ಲಿ, ಗೊಣಗಿನಲ್ಲಿ ಮುಗಿಸುತ್ತಾರೆ. ಮರುದಿನ ಅವನನ್ನು ದನದ ಕೊಟ್ಟಿಗೆಯಲ್ಲಿ, ಎಮ್ಮೆಯ ಮುಂದೆಯೇ ನಿಲ್ಲಿಸಿಕೊಂಡು ಹೇಳಿದೆ.

"ಇದು ಬೆದಿಗೆ ಬಂದ್ರ ನಿಮ್ಮಪ್ಪ ಹೊಲಾ ಬಿಟ್ಟು ಓಡತಾನ. ನೀ ನಿನ್ನ ಹೆಂಡ್ತಿ ದಿನಾ ಬಂದಾಗ ಬುಟ್ಟಿ ಹೊತಗೊಂಡು ಗುಡ್ಡಕ್ಕ ಬರತಿ."

"ಆಯೀ! ಸಾಕ ಮಾಡ. ಯಾರರ ಕೇಳ್ಯಾರು."

"ಕೇಳಲಿ. ಮುಂದಿನ ಹುಣ್ಣಿವಿಗೆ ನಿಮ್ಮವ್ವ ಬುಟ್ಟಿ ಅಲ್ಲ, ನನ್ನ ಹೆಣಾ ತರಾಕ ಕರದ್ರೂ ಮನಿ ಬಿಟ್ಟು ಬರಬ್ಯಾಡ."

ಅವನ ಕಿವಿ ಕೆಂಪಾದವು. ಆದರೆ ತಿಳಿದುಕೊಂಡ. ಮಗನಿಗೂ ನಾನೇ ಹೇಳಿದೆ. ಅವನು ಹುಲ್ಲಿನ ಹೊರೆಯ ಹಿಂದೆ ಮುಖ ಮುಚ್ಚಿಕೊಂಡು ಕೇಳಿದ.

ಮುಂದಿನ ತಿಂಗಳು ಎಲ್ಲ ಸರಿಯಾಯಿತು. ಆದರೂ ಅಮಾವಾಸ್ಯೆಗೆ ಹುಡುಗಿ ಮತ್ತೆ ಹೊರಗೆ ಕುಳಿತಳು. ಸೊಸೆ ನನ್ನ ಮುಖ ನೋಡಿ, "ನೋಡಿದ್ರಿಲ್ಲೋ," ಎಂದಳು. ಒಂದೇ ಮಾತು, ಆದರೆ ಸೂಜಿ ಚುಚ್ಚಿದ ಹಾಗೆ. ಪ್ರತಿ ತಿಂಗಳೂ ನಿಲ್ಲುವುದಿಲ್ಲ ಎಂದು ಡಾಕ್ಟರಬಾಯಿ ಹೇಳಿದ್ದನ್ನು ಹೇಳಿದೆ. ಕೇಳುವವರು ಬೇಕಲ್ಲ. ದೇವರಿಗೆ ಹದಿನಾರು ಹುಣ್ಣಿಮೆ ಪುರಸೊತ್ತು ಕೊಡುತ್ತಾರೆ, ಡಾಕ್ಟರಿಗೆ ಒಂದೇ ತಿಂಗಳು.

ಆಗ ಹುಡುಗಿಯೇ ಮಾತನಾಡಿದಳು. ಹೊರಗೆ ಕುಳಿತಲ್ಲಿಂದಲೇ, ಅತ್ತೆಗೆ ಕೇಳುವ ಹಾಗೆ: "ಅತ್ತಿ, ನಾ ಇನ್ನ ಗುಡ್ಡಕ್ಕ ಹೋಗೂದು ಕೂಸು ಎತಗೊಂಡ. ಅಲ್ಲೀತನಾ ಇಲ್ಲ. ನೀವು ಬ್ಯಾರೆ ವಿಚಾರ ಮಾಡೂದಿದ್ರ ಮಾಡ್ರಿ, ಆದ್ರ ಮೊದಲ ನಿಮ್ಮ ಮಗನ್ನೂ ತಪಾಸ ಮಾಡಸ್ರಿ." ಮೂರು ವರ್ಷದಲ್ಲಿ ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ನಾನು ಕೇಳಿರಲಿಲ್ಲ. ಸೊಸೆಯೂ ಕೇಳಿರಲಿಲ್ಲ. ಒಳಗೆ ಹೋಗಿ ಪಾತ್ರೆ ಕುಕ್ಕಿದಳು.

ಇನ್ನೂ ಎರಡು ಅಮಾವಾಸ್ಯೆ ಹಾಗೇ ಬಂದವು, ಹೋದವು. ಎರಡು ಸಲವೂ ಹುಡುಗಿ ಹೊರಗೆ ಕುಳಿತಳು. ಮೂರನೆಯ ಸಲ ಅವಳು ಹೊರಗೆ ಕೂರಲಿಲ್ಲ. ಒಂದು ವಾರ ಯಾರಿಗೂ ಹೇಳದೆ ಕಾದು, ಆಮೇಲೆ ಬೈಲಹೊಂಗಲಕ್ಕೆ ಹೋಗಿ ಬಂದಳು. ಬಸಿರು ನಿಂತಿತ್ತು.

ನನ್ನ ಸಿಟ್ಟು ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸೊಸೆ ಓಣಿಗೆಲ್ಲ ಸಕ್ಕರೆ ಹಂಚುತ್ತ ಹೇಳಿದ್ದು ಒಂದೇ ಮಾತು: "ಹನ್ನೊಂದನೇ ಹುಣ್ಣಿವಿಗೆ ತಾಯಿ ಕಣ್ಣ ತಗದ್ಲು!" ಹನ್ನೊಂದನೆಯ ಹುಣ್ಣಿಮೆಗೆ ಮೊಮ್ಮಗ, ಅವನ ಹೆಂಡತಿ ಇಬ್ಬರೂ ಮನೆಯಲ್ಲಿದ್ದರು, ಗುಡ್ಡದಲ್ಲಿ ಕಾಲು ನೋಯಿಸಿಕೊಂಡವಳು ನಾನು ಎಂಬುದನ್ನು ಹೇಳಲಿಲ್ಲ. ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣು ತೆರೆದಿದ್ದರೆ ತೆರೆದಿರಲಿ. ನಮ್ಮ ಕಣ್ಣು ಯಾವಾಗ ತೆರೆಯುವುದು?

ಹೋದ ತಿಂಗಳು ಸೊಸೆ ತನ್ನ ಅಣ್ಣನ ಮಗಳ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದಳು. ಆ ಹುಡುಗಿಯನ್ನು ಕಿತ್ತೂರಿನ ಕಡೆ ಕೊಟ್ಟಿದ್ದಾರೆ. ಅವಳಿಗೂ ಮದುವೆಯಾಗಿ ಎರಡು ವರ್ಷ, ಏನೂ ಇಲ್ಲ. "ನೀನೂ ಹನ್ನೊಂದು ಹುಣ್ಣಿವಿ ಹಿಡಿಯವಾ, ನಮ್ಮ ಮನ್ಯಾಗ ಆಗಲಿಲ್ಲೇನು? ನೇಮ ಮಾತ್ರ ಗಟ್ಟಿ ಇರಬೇಕು," ಎನ್ನುತ್ತಿದ್ದಳು. ನಾನು ಎದ್ದು ಹೋಗಿ ಫೋನು ಕಸಿದುಕೊಂಡೆ.

"ಯವ್ವಾ, ನಾನು ಆಯಿ. ಗುಡ್ಡಕ್ಕ ಬೇಕಾದ್ರ ಹೋಗು, ಆದ್ರ ಒಂದ ಮಾತು ಹೇಳತೇನಿ ಕೇಳು. ಎರಕೊಂಡ ದಿನದಿಂದ ಎಣಸಬ್ಯಾಡ, ರಕ್ತ ಕಂಡ ದಿನದಿಂದ ಎಣಸು. ಮುಂದಿನ ಮುಟ್ಟಿಗೆ ಎರಡ ವಾರ ಮೊದಲ, ತತ್ತಿಯ ಬಿಳಿ ಹಂಗ ಲೋಳಿ ಹೋಗತಿದ್ರ ಅದು ರೋಗ ಅಲ್ಲ. ಆವಾಗ ಗಂಡನ ಕೂಡ ಮಲಗು. ತಿಳೀತಿಲ್ಲೋ?"

ಆ ಕಡೆಯಿಂದ ಒಬ್ಬ ಗಂಡಸು ಕೆಮ್ಮಿದ ಸಪ್ಪಳ ಕೇಳಿತು. ಆಮೇಲೆ ಹುಡುಗಿಯ ಸಣ್ಣ ದನಿ:

"ಆಯಿ… ಸ್ಪೀಕರ್ ಹಚ್ಚೇನ್ರಿ. ಮಾವಾರು ಇಲ್ಲೇ ಕುಂತಾರ."

"ಚಲೋ ಆತು. ಅವರೂ ಕೇಳಲಿ. ಅವರ ಮನ್ಯಾಗೂ ಎಮ್ಮಿ ಐತಿಲ್ಲೋ?"

ಫೋನು ಕಟ್ಟಾಯಿತು. ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಹೊಲಿಗೆ ಯಂತ್ರದ ಮುಂದೆ ಕುಳಿತ ಬಸುರಿ ಮಾತ್ರ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ನನಗೆ ನಗು ಬರಲಿಲ್ಲ. ಆ ಕಿತ್ತೂರಿನ ಹುಡುಗಿ ಆವತ್ತಿನಿಂದ ನಮ್ಮ ಫೋನು ಎತ್ತುತ್ತಿಲ್ಲ. ಹರಕೆ ಹೊತ್ತಿದ್ದಾಳಂತೆ, ಮೊದಲನೆಯ ಹುಣ್ಣಿಮೆ ಆಗಲೇ ಮುಗಿದಿದೆಯಂತೆ. ಯಾವ ದಿನದಿಂದ ಎಣಿಸುತ್ತಿದ್ದಾಳೋ, ಕೇಳೋಣವೆಂದರೆ ಎತ್ತಬೇಕಲ್ಲ.